ಗೋಪುರ ಕಂಡರೆ ಊರು ಗೊತ್ತಾಗುತ್ತದೆ

ಬಸವನಗುಡಿಯ ಹಳೆಯ ಮನೆಯೊಂದರ ಮಹಡಿ. ಬೆಳಕು ನುಗ್ಗದಂತೆ ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ಗೆಳತಿಯೊಬ್ಬಳು ಸಾಕ್ಷ್ಯಚಿತ್ರವೊಂದರ ಸಂಕಲನ ಮಾಡುತ್ತಿದ್ದಳು. ಪರದೆಯ ಮೇಲೆ ಹದಿನೈದರ ಹುಡುಗಿಯೊಬ್ಬಳು ಜಗಲಿಯ ಮೇಲೆ ಕುಳಿತು ಮಾತನಾಡುತ್ತಿದ್ದಳು. ಮುಖವನ್ನು ಪೂರ್ತಿ ಮಸುಕು ಮಾಡಲಾಗಿತ್ತು. ‘ಈಗ ಗುರುತು ಸಿಗುತ್ತದೆಯೇ?’ ಎಂದು ಗೆಳತಿ ಕೇಳಿದಳು. ಇಲ್ಲ ಎಂದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಸಹಾಯಕ ಹುಡುಗ ಆ ಸೀಮೆಯವನೇ. ‘ಮೇಡಂ, ಹಿಂದೆ ಗೋಪುರ ಕಾಣುತ್ತಿದೆಯಲ್ಲ. ಅರ್ಧ ಕಟ್ಟಿ ಬಿಟ್ಟ ಗೋಪುರ ಸುತ್ತಲಿನ ಇಪ್ಪತ್ತು ಹಳ್ಳಿಗೆ ಅದೊಂದೇ’ ಎಂದ.

ಗೋಪುರ ಮಸುಕಾಯಿತು. ಆಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ಶಾಲೆಯ ಸಮವಸ್ತ್ರ. ಆಮೇಲೆ ದೂರದಲ್ಲಿ ಹಾದುಹೋದ ಬಸ್ಸಿನ ಬೋರ್ಡು. ಕೊನೆಗೆ ಉಳಿದದ್ದು ಅವಳ ಕೈ. ಮಾತು ತಡವರಿಸಿದಾಗಲೆಲ್ಲ ಜಡೆಯನ್ನು ಎಡಗೈಯಿಂದ ಹಿಂದಕ್ಕೆ ಎಸೆಯುವ ಅಭ್ಯಾಸ ಅವಳಿಗೆ. ಗುರುತು ಹಿಡಿಯಲು ಅವಳ ಓಣಿಯವರಿಗೆ ಅಷ್ಟು ಸಾಕು, ಅವಳಿಗೆ ಅನ್ಯಾಯ ಮಾಡಿದವನ ಕಡೆಯವರಿಗೂ ಸಾಕು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಬೂದು ಬಣ್ಣದ ಮೋಡವೊಂದು ಮಾತನಾಡುತ್ತಿತ್ತು.

ಈ ವಿವರಗಳಲ್ಲಿ ಕೆಲವನ್ನು ನಾನು ಬದಲಿಸಿದ್ದೇನೆ. ಗೋಪುರದ ಜಾಗದಲ್ಲಿ ನಿಜಕ್ಕೂ ಇದ್ದದ್ದು ಬೇರೆಯೇ ಒಂದು ಗುರುತು. ಯಾವ ಜಿಲ್ಲೆ ಎಂಬುದನ್ನೂ ಬರೆಯುವುದಿಲ್ಲ.

ಮಕ್ಕಳ ಮತ್ತು ಹದಿಹರೆಯದವರ ಶೋಷಣೆಯನ್ನು ಬಯಲಿಗೆಳೆಯುವ ಸಾಕ್ಷ್ಯಚಿತ್ರಗಳ ಮಾತು ಬಂದಾಗಲೆಲ್ಲ ಧೈರ್ಯ, ಸತ್ಯ, ಜಾಗೃತಿ ಎಂಬ ದೊಡ್ಡ ಪದಗಳು ಹೊರಬರುತ್ತವೆ. ನನಗೆ ಆ ಕೋಣೆಯ ಬೂದು ಮೋಡ ನೆನಪಾಗುತ್ತದೆ. ನೋಡುವವರ ಮನಸ್ಸು ಕರಗುವುದು ಮುಖ ಕಂಡಾಗ. ಮುಖ ತೋರಿಸಿದರೆ ಆ ಮಗು ಜೀವಮಾನವಿಡೀ ಆ ಒಂದೇ ಕಥೆಯ ಪಾತ್ರವಾಗಿ ಉಳಿಯುತ್ತದೆ. ಮುಖ ಮುಚ್ಚಿದರೆ ಕಡತದೊಳಗಿನ ಪ್ರಕರಣವಾಗಿಬಿಡುತ್ತದೆ. ಈ ಇಕ್ಕಟ್ಟಿನಲ್ಲಿ ಚಿತ್ರ ಮಾಡುವವರು ಹುಡುಕಿಕೊಂಡ ದಾರಿಗಳನ್ನು ಗಮನಿಸಿದರೆ ಇಂಥ ಚಿತ್ರಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ಕಾನೂನು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಪ್ರಕಾರ ಮಾಧ್ಯಮಗಳು ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಇವು ಯಾವುದನ್ನೂ ಬಹಿರಂಗಪಡಿಸುವಂತಿಲ್ಲ. ಗುರುತು ಹಿಡಿಯಲು ನೆರವಾಗುವ ಬೇರೆ ಯಾವ ಸಂಗತಿಯನ್ನೂ ಹೇಳುವಂತಿಲ್ಲ. ನಮ್ಮ ಅರ್ಧ ಗೋಪುರ ಸೇರುವುದು ಈ ಕೊನೆಯ ಮಾತಿನೊಳಗೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಗುವಿನ ಹಿತಕ್ಕೆ ಅಗತ್ಯ ಎನಿಸಿದರೆ ವಿಶೇಷ ನ್ಯಾಯಾಲಯ ವಿನಾಯಿತಿ ಕೊಡಬಹುದು. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಗೊಳಿಸಿ, ದೂರದ ಸುಳಿವಿನಿಂದಲೂ ಗುರುತು ಸಿಗುವಂತಿರಬಾರದು ಎಂದಿತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೇ ರಕ್ಷಣೆಯನ್ನು ವಿಚಾರಣೆಗೆ ಒಳಪಟ್ಟ ಇತರ ಮಕ್ಕಳಿಗೂ ವಿಸ್ತರಿಸುತ್ತದೆ. ಕಾನೂನನ್ನು ಮುರಿದವರು, ರಕ್ಷಣೆ ಬೇಕಾದವರು, ಸಾಕ್ಷಿಗಳು, ಎಲ್ಲರೂ ಅದರಲ್ಲಿ ಸೇರುತ್ತಾರೆ.

ಕಣ್ಣಿನ ಮೇಲೆ ಒಂದು ಕಪ್ಪು ಪಟ್ಟಿ ಅಂಟಿಸಿ ‘ಗುರುತು ಮರೆಮಾಡಿದ್ದೇವೆ’ ಎನ್ನುವ ಹಳೆಯ ಪತ್ರಿಕಾ ಪದ್ಧತಿ ಇದರ ಮುಂದೆ ಬರಿಯ ನಾಟಕ. ಆ ಪಟ್ಟಿ ಮಗುವನ್ನು ಮರೆಮಾಡುತ್ತಿರಲಿಲ್ಲ. ಆರೋಪಿಯಂತೆ ಕಾಣಿಸುತ್ತಿತ್ತು, ಅಷ್ಟೇ.

ಕಾನೂನು ಇಷ್ಟು ಕಟ್ಟುನಿಟ್ಟಾಗುವ ಮೊದಲು ಚಿತ್ರಗಳು ಹೇಗಿದ್ದವು? ಬೆಂಗಳೂರಿನವರೇ ಆದ ಚಲಂ ಬೆನ್ನೂರಕರ್ 1990ರಲ್ಲಿ ಶಿವಕಾಶಿಯ ಮಕ್ಕಳ ಬಗ್ಗೆ ‘ಕುಟ್ಟಿ ಜಪಾನಿನ್ ಕುಳಂದೈಗಳ್’ ಎಂಬ ತಮಿಳು ಸಾಕ್ಷ್ಯಚಿತ್ರ ಮಾಡಿದರು. ಶಿವಕಾಶಿಯ ಉದ್ಯಮಶೀಲತೆಯನ್ನು ಮೆಚ್ಚಿ ‘ಕುಟ್ಟಿ ಜಪಾನ್’, ಅಂದರೆ ಪುಟ್ಟ ಜಪಾನ್ ಎಂದು ಕರೆಯುವ ವಾಡಿಕೆ ಇತ್ತು. ಆ ಹೊಗಳಿಕೆಯ ಅಡಿಯಲ್ಲಿ ಬೆಂಕಿಕಡ್ಡಿ ಜೋಡಿಸುವ, ಪಟಾಕಿಗೆ ಮದ್ದು ತುಂಬುವ ಮಕ್ಕಳಿದ್ದರು. ಬೆಳಗಿನ ಜಾವ ಹಳ್ಳಿಗಳಿಗೆ ಬಂದು ಅವರನ್ನು ತುಂಬಿಕೊಂಡು ಹೋಗುವ ಕಾರ್ಖಾನೆಯ ಬಸ್ಸುಗಳಿದ್ದವು. ದೀಪಾವಳಿಗೆ ನಾವು ಇಲ್ಲಿ ಹಚ್ಚುತ್ತಿದ್ದ ಸುರುಸುರುಬತ್ತಿಗೂ ಆ ಬಸ್ಸಿಗೂ ಇದ್ದ ನಂಟು ಯಾರಿಗೂ ತಿಳಿಯದ ಗುಟ್ಟೇನಲ್ಲ. ವರದಿಗಳು ಬಂದಿದ್ದವು, ಅಪಘಾತಗಳು ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. 1986ರಲ್ಲೇ ಬಾಲಕಾರ್ಮಿಕ ಕಾಯ್ದೆ ಬಂದಿತ್ತು. ಆದರೂ ‘ಬಾಲಕಾರ್ಮಿಕ’ ಎಂಬುದು ಒಂದು ಸಂಖ್ಯೆಯಾಗಿತ್ತು. ತೆರೆಯ ಮೇಲೆ ಅದಕ್ಕೆ ಮುಖ ಬಂತು, ಬೆರಳು ಬಂತು, ನಿದ್ದೆಗೆಟ್ಟ ಕಣ್ಣು ಬಂತು.

1996ರ ಡಿಸೆಂಬರ್‌ನಲ್ಲಿ ಶಿವಕಾಶಿ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಪಾಯಕಾರಿ ಕೆಲಸಕ್ಕೆ ಹಚ್ಚಿದ ಪ್ರತಿ ಮಗುವಿಗೆ ಮಾಲೀಕ 20,000 ರೂಪಾಯಿ ಕಟ್ಟಬೇಕು. ಆ ಮನೆಯ ವಯಸ್ಕರೊಬ್ಬರಿಗೆ ಸರ್ಕಾರ ಕೆಲಸ ಕೊಡಿಸಬೇಕು, ಆಗದಿದ್ದರೆ ತಾನು 5,000 ರೂಪಾಯಿ ಸೇರಿಸಬೇಕು ಎಂದಿತು. ಚಿತ್ರದಿಂದಲೇ ಈ ತೀರ್ಪು ಬಂತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಪ್ರಚಾರಪತ್ರಗಳನ್ನು ನಂಬಲೂ ಬಾರದು. ಸಂಘಟನೆಗಳ ಹೋರಾಟ, ವಕೀಲರ ಅರ್ಜಿ, ವರದಿಗಾರರ ಓಡಾಟ, ಇವುಗಳ ನಡುವೆ ಚಿತ್ರವೂ ಒಂದು ಎಳೆ. ಆದರೆ ಆ ತೀರ್ಪಿನಲ್ಲಿರುವ ಒಂದು ತಿಳಿವಳಿಕೆ ಗಮನಾರ್ಹ. ಮಗುವನ್ನು ಬಿಡಿಸಿದರೆ ಸಾಲದು, ಮನೆಗೆ ಬರುತ್ತಿದ್ದ ಕೂಲಿಗೆ ಬದಲಿ ಬೇಕು. ಹೆಚ್ಚಿನ ಸಾಕ್ಷ್ಯಚಿತ್ರಗಳು ಈ ಲೆಕ್ಕಕ್ಕೆ ಬರುವ ಹೊತ್ತಿಗೆ ಮುಗಿದುಹೋಗಿರುತ್ತವೆ.

ಇಂಥ ಚಿತ್ರಗಳು ಗುಟ್ಟನ್ನು ಬಯಲು ಮಾಡುತ್ತವೆ ಎನ್ನುತ್ತೇವೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದು ಗುಟ್ಟಾಗಿ ಇರುವುದೇ ಇಲ್ಲ. ಜಪಾನಿನ ಉದಾಹರಣೆ ನೋಡಿ. ಹುಡುಗರ ಹಾಡುತಂಡಗಳನ್ನು ತಯಾರು ಮಾಡುತ್ತಿದ್ದ ಅಲ್ಲಿನ ಅತಿ ಪ್ರಭಾವಿ ಸಂಸ್ಥೆಯ ಸ್ಥಾಪಕ ಜಾನಿ ಕಿಟಗಾವಾ. ತನ್ನಲ್ಲಿ ತರಬೇತಿಗೆ ಬಂದ ಹುಡುಗರನ್ನು ಅವನು ಲೈಂಗಿಕವಾಗಿ ಬಳಸಿಕೊಳ್ಳುತ್ತಿದ್ದಾನೆ ಎಂದು ವಾರಪತ್ರಿಕೆಯೊಂದು 1999ರಲ್ಲೇ ಸರಣಿ ಲೇಖನ ಬರೆಯಿತು. ಸಂಸ್ಥೆ ಮಾನನಷ್ಟ ದಾವೆ ಹೂಡಿತು. ಆರೋಪಗಳ ಮುಖ್ಯ ಭಾಗ ನಂಬಲರ್ಹ ಎಂದು 2003ರಲ್ಲಿ ಟೋಕಿಯೊ ಹೈಕೋರ್ಟ್ ಹೇಳಿತು. ಆಮೇಲೆ? ಏನೂ ಆಗಲಿಲ್ಲ. ಟಿ.ವಿ. ವಾಹಿನಿಗಳಿಗೆ ಆ ಹುಡುಗರು ಬೇಕಿದ್ದರು, ಜಾಹೀರಾತುದಾರರಿಗೆ ಬೇಕಿದ್ದರು. 2019ರಲ್ಲಿ ಕಿಟಗಾವಾ ಸತ್ತಾಗ ಇಡೀ ದೇಶ ಕಣ್ಣೀರಿಟ್ಟಿತು.

2023ರ ಮಾರ್ಚ್‌ನಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಪ್ರಸಾರವಾಯಿತು. ಅದರಲ್ಲಿ ಇದ್ದದ್ದು ಬಹುಪಾಲು ಹಳೆಯ ಸಂಗತಿಯೇ. ಹೊಸದಾಗಿದ್ದದ್ದು, ಆಗ ಹುಡುಗರಾಗಿದ್ದು ಈಗ ದೊಡ್ಡವರಾದವರು ಕ್ಯಾಮೆರಾದ ಎದುರು ಕುಳಿತು, ತಡೆತಡೆದು, ಕೆಲವೊಮ್ಮೆ ಆ ಮನುಷ್ಯನ ಬಗ್ಗೆ ಈಗಲೂ ಗೌರವವಿದೆ ಎಂದುಕೊಳ್ಳುತ್ತಲೇ ಮಾತನಾಡಿದ್ದು. ಶೋಷಣೆ ಮನಸ್ಸಿನೊಳಗೆ ಹೇಗೆ ಬೇರು ಬಿಡುತ್ತದೆ ಎಂಬುದನ್ನು ಯಾವ ನ್ಯಾಯಾಲಯದ ಕಡತವೂ ಹಾಗೆ ತೋರಿಸಲಾರದು. ನಂತರ ಇನ್ನಷ್ಟು ಜನ ಮುಂದೆ ಬಂದರು. ಸೆಪ್ಟೆಂಬರ್‌ನಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು, ಅಧ್ಯಕ್ಷೆ ರಾಜೀನಾಮೆ ಕೊಟ್ಟರು, ಅಕ್ಟೋಬರ್‌ನಲ್ಲಿ ಸಂಸ್ಥೆಯ ಹೆಸರೇ ಬದಲಾಯಿತು.

ಎಲ್ಲರಿಗೂ ಗೊತ್ತಿತ್ತು ಎನ್ನುವುದು ಒಂದು ಸ್ಥಿತಿ. ಎಲ್ಲರಿಗೂ ಗೊತ್ತಿದೆ ಎಂಬುದು ಎಲ್ಲರಿಗೂ ಗೊತ್ತಾಗುವುದು ಬೇರೆಯೇ ಸ್ಥಿತಿ. ಮೊದಲನೆಯದರಲ್ಲಿ ಪ್ರತಿಯೊಬ್ಬನಿಗೂ ‘ನನಗೆ ಖಚಿತವಾಗಿ ತಿಳಿದಿರಲಿಲ್ಲ’ ಎನ್ನುವ ಅವಕಾಶವಿರುತ್ತದೆ. ನಮ್ಮ ಊರುಗಳಲ್ಲೂ ಇದು ಹೊಸತಲ್ಲ. ‘ಆ ಮೇಷ್ಟ್ರ ಮನೆಗೆ ಹೆಣ್ಣುಮಕ್ಕಳನ್ನು ಪಾಠಕ್ಕೆ ಕಳಿಸಬೇಡಿ’ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಾರೆ, ಮೇಷ್ಟ್ರಿಗೆ ಗಣೇಶೋತ್ಸವದಲ್ಲಿ ಶಾಲು ಹೊದಿಸುವುದೂ ನಡೆಯುತ್ತದೆ. ಒಳ್ಳೆಯ ಸಾಕ್ಷ್ಯಚಿತ್ರ ಈ ಎರಡೂ ಮಾತನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತದೆ.

ಹಾಗಾದರೆ ಇಂಥ ಚಿತ್ರಗಳು ಇಷ್ಟು ತಡವಾಗಿ ಬರುವುದೇಕೆ? ಕಾರಣಗಳಲ್ಲಿ ಒಂದು ತೀರಾ ಲೌಕಿಕವಾದದ್ದು. ಸತ್ತವರು ಮಾನನಷ್ಟ ಮೊಕದ್ದಮೆ ಹೂಡಲಾರರು. ಬ್ರಿಟನ್ನಿನ ಜನಪ್ರಿಯ ಟಿ.ವಿ. ನಿರೂಪಕ ಜಿಮ್ಮಿ ಸೆವಿಲ್ 2011ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಅವನ ಮೇಲಿನ ಆರೋಪಗಳನ್ನು ಬಿಬಿಸಿಯ ಕಾರ್ಯಕ್ರಮವೊಂದು ಅದೇ ವರ್ಷ ತನಿಖೆ ಮಾಡಿ, ಪ್ರಸಾರ ಮಾಡದೆ ಕೈಬಿಟ್ಟಿತು. 2012ರ ಅಕ್ಟೋಬರ್ 3ರಂದು ಐಟಿವಿ ವಾಹಿನಿ ಸಾಕ್ಷ್ಯಚಿತ್ರ ಪ್ರಸಾರ ಮಾಡಿದ ಮೇಲೆ ನೂರಾರು ಜನ ಪೊಲೀಸರ ಬಳಿಗೆ ಬಂದರು. 2013ರ ಜನವರಿಯ ಪೊಲೀಸ್ ವರದಿಯಲ್ಲಿ ದಾಖಲಾದ ಅಪರಾಧಗಳ ಸಂಖ್ಯೆ 214. (ಜಪಾನಿನ ಮನೆಯನ್ನು ಗುಡಿಸಲು ಹೋದ ಬಿಬಿಸಿಯ ಸ್ವಂತ ಅಂಗಳದ ಕಥೆ ಇದು ಎಂಬುದೂ ನೆನಪಿನಲ್ಲಿರಲಿ.)

ಇನ್ನೊಂದು ಕಾರಣ ಮುಖಕ್ಕೇ ಸಂಬಂಧಿಸಿದ್ದು. ಹತ್ತು ವರ್ಷದ ಮಗುವಿಗೆ ತನಗೆ ಆದದ್ದನ್ನು ಹೇಳಲು ಪದಗಳಿರುವುದಿಲ್ಲ, ಹೇಳಿದರೂ ತೋರಿಸುವಂತಿಲ್ಲ. ನಲವತ್ತರ ಮನುಷ್ಯನಿಗೆ ತನ್ನ ಮುಖದ ಮೇಲೆ ತನ್ನದೇ ಹಕ್ಕಿದೆ. ‘ಹೌದು, ನಾನೇ’ ಎಂದು ಹೇಳಲು ಯಾರ ಸಹಿಯೂ ಬೇಕಾಗಿಲ್ಲ. ಬಾಲ್ಯದ ಲೈಂಗಿಕ ಶೋಷಣೆಯ ಬಗೆಗಿನ ಪ್ರಬಲ ಚಿತ್ರಗಳಲ್ಲಿ ಮಕ್ಕಳೇ ಕಾಣುವುದಿಲ್ಲ. ನರೆತ ಕೂದಲಿನವರು ಕುರ್ಚಿಯ ಮೇಲೆ ಕುಳಿತು ಬಾಲ್ಯದ ಬಗ್ಗೆ ಮಾತನಾಡುತ್ತಾರೆ. ಪೋಲೆಂಡಿನಲ್ಲಿ ಚರ್ಚಿನೊಳಗಿನ ಶೋಷಣೆ ಕುರಿತು 2019ರ ಮೇ ತಿಂಗಳಲ್ಲಿ ಬಂದ ಚಿತ್ರವೂ ಇದೇ ಬಗೆಯದು. ಜನರ ಚಂದಾ ಹಣದಿಂದ ತಯಾರಾಗಿ ಯೂಟ್ಯೂಬಿನಲ್ಲೇ ಬಿಡುಗಡೆಯಾದ ಅದನ್ನು ಸ್ವಲ್ಪ ಕಾಲದಲ್ಲೇ ಎರಡು ಕೋಟಿಗೂ ಹೆಚ್ಚು ಬಾರಿ ನೋಡಲಾಯಿತು. ಸಂತ್ರಸ್ತರು ವೃದ್ಧ ಪಾದ್ರಿಗಳ ಮನೆಬಾಗಿಲಿಗೇ ಹೋಗಿ ಎದುರು ನಿಲ್ಲುತ್ತಾರೆ. ಈ ದಾರಿ ನೈತಿಕವಾಗಿ ಅತ್ಯಂತ ಶುದ್ಧ. ಅದಕ್ಕೆ ತೆರಬೇಕಾದ ಬೆಲೆ ಮೂವತ್ತು ವರ್ಷ. ಆ ಮೂವತ್ತು ವರ್ಷಗಳಲ್ಲಿ ಆ ಪಾದ್ರಿ ಬೇರೆ ಬೇರೆ ಊರುಗಳಿಗೆ ವರ್ಗವಾಗುತ್ತ ಹೋಗಿರುತ್ತಾನೆ.

ಕಾಯಲು ಒಪ್ಪದೆ, ಮಕ್ಕಳು ಮಕ್ಕಳಾಗಿರುವಾಗಲೇ ಅವರನ್ನು ತೋರಿಸಿದವರೂ ಇದ್ದಾರೆ. ಕೋಲ್ಕತ್ತದ ಸೋನಾಗಾಚಿಯಲ್ಲಿ ವೇಶ್ಯಾವಾಟಿಕೆಯ ನಡುವೆ ಬೆಳೆಯುತ್ತಿದ್ದ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಅವರನ್ನೇ ಚಿತ್ರಿಸಿದ ‘ಬಾರ್ನ್ ಇಂಟು ಬ್ರಾಥೆಲ್ಸ್’ 2005ರಲ್ಲಿ ಆಸ್ಕರ್ ಗೆದ್ದಿತು. ಜಾನಾ ಬ್ರಿಸ್ಕಿ ಮತ್ತು ರಾಸ್ ಕಾಫ್‌ಮನ್ ಅದರ ನಿರ್ದೇಶಕರು. ಮಕ್ಕಳ ಮುಖ, ಹೆಸರು, ಓಣಿ ಎಲ್ಲವೂ ಅದರಲ್ಲಿ ಕಾಣುತ್ತವೆ. ಅವರ ರಕ್ಷಣೆಗಾಗಿ ಭಾರತದಲ್ಲಿ ಚಿತ್ರವನ್ನು ತೋರಿಸುವುದಿಲ್ಲ ಎಂಬುದು ತಯಾರಕರ ನಿಲುವಾಗಿತ್ತು. ಅಮೆರಿಕದವರು ನೋಡಿದರೆ ತೊಂದರೆಯಿಲ್ಲ, ಕೋಲ್ಕತ್ತದವರು ನೋಡಬಾರದು ಎಂಬ ಲೆಕ್ಕ. ಯೂಟ್ಯೂಬ್ ಶುರುವಾದದ್ದೂ ಅದೇ 2005ರಲ್ಲಿ. ಸಾಗರದಾಚೆ ತೋರಿಸಿದ್ದು ಸಾಗರದಾಚೆಯೇ ಉಳಿಯುತ್ತದೆ ಎಂಬ ನಂಬಿಕೆಗೆ ಅದು ಕೊನೆಯ ವರ್ಷ. ಇನ್ನೊಂದು ಟೀಕೆಯೂ ಬಂತು. ಆ ಮಕ್ಕಳ ತಾಯಂದಿರು ಚಿತ್ರದಲ್ಲಿ ಬೈಯುವವರಾಗಿ, ಬೇಜವಾಬ್ದಾರರಾಗಿ ಕಾಣುತ್ತಾರೆ, ಹೊರಗಿನಿಂದ ಬಂದವರು ಉದ್ಧಾರಕರಾಗುತ್ತಾರೆ, ಅಲ್ಲಿಯೇ ಸಂಘಟಿತರಾಗಿ ದುಡಿಯುತ್ತಿದ್ದ ಮಹಿಳೆಯರ ಪ್ರಯತ್ನ ಕಾಣುವುದೇ ಇಲ್ಲ ಎಂದು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರ ಪರವಾಗಿ ನಿಂತವರು ಆಕ್ಷೇಪಿಸಿದರು. ಆ ಮಕ್ಕಳು ತೆಗೆದ ಫೋಟೊಗಳು ಅದ್ಭುತವಾಗಿದ್ದವು ಎಂಬುದೂ ನಿಜವೇ.

ಜಾರ್ಖಂಡಿನ ಹಳ್ಳಿಯೊಂದರಲ್ಲಿ ಹದಿಮೂರರ ಹುಡುಗಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ನಂತರ ಅವಳ ತಂದೆ ನಡೆಸಿದ ಹೋರಾಟದ ಚಿತ್ರ ‘ಟು ಕಿಲ್ ಎ ಟೈಗರ್’. ನಿಶಾ ಪಾಹುಜಾ ನಿರ್ದೇಶಿಸಿದ ಇದು 2022ರಲ್ಲಿ ಮೊದಲ ಪ್ರದರ್ಶನ ಕಂಡು, 2024ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಇಲ್ಲಿ ಇನ್ನೊಂದು ದಾರಿ ಹಿಡಿದರು. ಚಿತ್ರೀಕರಣದ ಕಾಲಕ್ಕೆ ಹುಡುಗಿ ಅಪ್ರಾಪ್ತ ವಯಸ್ಸಿನವಳು. ಬಿಡುಗಡೆಯ ಹೊತ್ತಿಗೆ ಹದಿನೆಂಟು ದಾಟಿದ್ದಳು. ಅವಳಿಗೆ ಚಿತ್ರ ತೋರಿಸಿದರು, ಮುಖ ಮರೆಮಾಡುವುದು ಬೇಡ ಎಂದು ಅವಳೇ ಹೇಳಿದಳು ಎಂಬುದು ತಯಾರಕರ ವಿವರಣೆ. ತಲೆತಗ್ಗಿಸಬೇಕಾದವಳು ನಾನಲ್ಲ ಎಂಬ ನಿಲುವಿಗೆ ಎದ್ದುನಿಂತು ಗೌರವ ಸಲ್ಲಿಸಬೇಕು. ಆದರೂ ತೆರೆಯ ಮೇಲೆ ಕಾಣುವುದು ಹದಿಮೂರರ ಮುಖವೇ. ಹದಿನೆಂಟರವಳು ಹದಿಮೂರರವಳ ಪರವಾಗಿ ಒಪ್ಪಿಗೆ ಕೊಡಬಹುದೇ? ಮೂವತ್ತರವಳು ಅದನ್ನು ಹಿಂತೆಗೆದುಕೊಳ್ಳಲು ಬಯಸಿದರೆ? ಪೋಕ್ಸೊ ಕಾಯ್ದೆಯ ಗೋಪ್ಯತೆಯನ್ನು ಸಂತ್ರಸ್ತೆ ತಾನೇ ಬಿಟ್ಟುಕೊಡಬಹುದೇ ಎಂಬ ಪ್ರಶ್ನೆ 2024ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು.

ನನ್ನ ಅಭಿಪ್ರಾಯ ಕೇಳಿದರೆ, ಅವಳ ಹಕ್ಕನ್ನು ಒಪ್ಪುತ್ತೇನೆ, ಆದರೆ ಆ ಹಕ್ಕನ್ನು ಬಳಸುವ ಅವಕಾಶವನ್ನು ಚಿತ್ರತಂಡ ಮುಂದಿಟ್ಟ ಗಳಿಗೆಯ ಬಗ್ಗೆ ಅಳುಕು ಉಳಿಯುತ್ತದೆ. ವರ್ಷಗಟ್ಟಲೆ ಮನೆಗೆ ಬಂದು ಹೋದವರು, ಕಷ್ಟದಲ್ಲಿ ಜೊತೆಗಿದ್ದವರು ಕೇಳಿದರೆ ‘ಬೇಡ’ ಎನ್ನುವುದು ನಮ್ಮಲ್ಲಿ ಸುಲಭವಲ್ಲ. ಮನೆಗೆ ಬಂದವರು ಎರಡನೇ ಬಾರಿ ಕೇಳಿದರೆ ಇನ್ನೊಂದು ತುತ್ತು ಉಣ್ಣುವ ಜನ ನಾವು. ಒಪ್ಪಿಗೆಪತ್ರದ ಸಹಿಗಿಂತ, ಸಂಬಂಧದ ದಾಕ್ಷಿಣ್ಯ ಎಷ್ಟು ಕೆಲಸ ಮಾಡಿತು ಎಂಬುದನ್ನು ಅಳೆಯಲು ಯಾವ ಕಾನೂನಿಗೂ ಮಾಪಕವಿಲ್ಲ. ಅದಕ್ಕೇ ಈಗ ಕೆಲವರು ಒಪ್ಪಿಗೆಯನ್ನು ಹಂತಹಂತವಾಗಿ ಪಡೆಯುತ್ತಾರೆ: ಚಿತ್ರೀಕರಣಕ್ಕೆ ಮೊದಲು, ಸಂಕಲನದ ಒರಟು ರೂಪ ನೋಡಿದ ಮೇಲೆ, ಬಿಡುಗಡೆಗೆ ಮೊದಲು ಮತ್ತೊಮ್ಮೆ. ಪ್ರತಿ ಹಂತದಲ್ಲೂ ಚಿತ್ರತಂಡಕ್ಕೆ ಸೇರದ ಆಪ್ತ ಸಮಾಲೋಚಕಿ ಜೊತೆಗಿರುತ್ತಾಳೆ. ಗೆಳತಿಯ ಚಿತ್ರದಲ್ಲೂ ಹಾಗೆಯೇ ಮಾಡಿದ್ದರು.

ಬೆಂಗಳೂರಿಗೆ ಬರೋಣ. ಇಲ್ಲಿನ ಶೋಷಣೆ ಕ್ಯಾಮೆರಾಕ್ಕೆ ಒಲಿಯುವಂಥದ್ದಲ್ಲ. ಮೆಜೆಸ್ಟಿಕ್ಕಿನಲ್ಲಿ, ರೈಲು ನಿಲ್ದಾಣದಲ್ಲಿ ಚೀಲ ಹಿಡಿದು ಇಳಿಯುವ ಒಂಟಿ ಹುಡುಗನ ಚಿತ್ರ ತೆಗೆಯಬಹುದು. ಅವನು ಹತ್ತು ದಿನಗಳ ನಂತರ ಯಾವ ಬೇಕರಿಯ ಹಿಂಬದಿಯಲ್ಲಿ, ಯಾವ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಇರುತ್ತಾನೆ ಎಂಬುದನ್ನು ತೋರಿಸಲು ಯಾರೂ ಬಾಗಿಲು ತೆರೆಯುವುದಿಲ್ಲ. ನಗರದ ಸುತ್ತಮುತ್ತ, ರಾಮನಗರ, ಮಾಗಡಿ ಕಡೆಯ ರೇಷ್ಮೆ ಕೆಲಸವನ್ನೇ ತೆಗೆದುಕೊಳ್ಳಿ. ರಾಮನಗರವೆಂದರೆ ಸಿನಿಮಾದವರಿಗೆ ಬಂಡೆಗಳು ನೆನಪಾಗುತ್ತವೆ. ಆ ಬಂಡೆಗಳ ಕೆಳಗಿನ ಊರಿನಲ್ಲಿ ಗೂಡು ಬೇಯಿಸಿದ ಬಿಸಿನೀರಿನಲ್ಲಿ ಕೈಯದ್ದಿ ಎಳೆಯ ತುದಿ ಹುಡುಕುವ ಕೆಲಸಕ್ಕೆ ಮಕ್ಕಳನ್ನು ಹಚ್ಚುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ತನ್ನ ವರದಿಯಲ್ಲಿ ದಾಖಲಿಸಿತು. ಈಗ ಸ್ವಯಂಚಾಲಿತ ಯಂತ್ರಗಳು ಬಂದಿವೆ, ಚಿತ್ರ ಬದಲಾಗಿದೆ. ಆದರೆ ಆ ವರದಿಯಲ್ಲಿದ್ದ ‘ಮುಂಗಡ’ ಎಂಬ ಪದ ಇವತ್ತಿಗೂ ಇಟ್ಟಿಗೆ ಗೂಡುಗಳಲ್ಲಿ, ಕಲ್ಲುಗಣಿಗಳಲ್ಲಿ ಜೀವಂತವಾಗಿದೆ.

ಮುಂಗಡ ಹೇಗೆ ಕೆಲಸ ಮಾಡುತ್ತದೆ? ತಂದೆ ಮದುವೆಗೋ ಆಸ್ಪತ್ರೆಗೋ 15,000 ರೂಪಾಯಿ ತೆಗೆದುಕೊಂಡ ಅಂದುಕೊಳ್ಳಿ. ಹುಡುಗ ಕೆಲಸಕ್ಕೆ ಸೇರುತ್ತಾನೆ. ವಾರಕ್ಕೊಮ್ಮೆ ಪುಡಿಗಾಸು ಕೂಲಿ ಸಿಗುತ್ತದೆ, ಅದು ಅಕ್ಕಿ ಬೇಳೆಗೆ ಮುಗಿಯುತ್ತದೆ. ಅವನು ಎಷ್ಟು ವರ್ಷ ದುಡಿದರೂ ಆ 15,000ದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಅಸಲನ್ನು ಇಡಿಗಂಟಾಗಿ ತಂದಿಟ್ಟರೆ ಮಾತ್ರ ಬಿಡುಗಡೆ. ಬೇರೆ ಮಾಲೀಕನಿಂದ ಮುಂಗಡ ಪಡೆದು ಇವನಿಗೆ ಕೊಟ್ಟರೆ ಹುಡುಗ ಅಲ್ಲಿಗೆ ಹೋಗುತ್ತಾನೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಇಂಥ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಈಗ ಇದನ್ನು ತೆರೆಯ ಮೇಲೆ ತೋರಿಸಿ ನೋಡೋಣ. ಹೊಡೆಯುವ ಮಾಲೀಕನಿಲ್ಲ, ಸರಪಳಿಯಿಲ್ಲ, ಬೀಗವೂ ಇಲ್ಲ. ಮಾಲೀಕ ಊರಿನವನೇ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾನೆ, ತಂದೆ ಅವನನ್ನು ‘ಧಣಿ’ ಎಂದು ಕೃತಜ್ಞತೆಯಿಂದ ಕರೆಯುತ್ತಾನೆ. ಸಾಕ್ಷ್ಯಚಿತ್ರಕ್ಕೆ ಖಳನಾಯಕ ಸಿಕ್ಕಿದರೆ ಕೆಲಸ ಹಗುರ, ಲೆಕ್ಕದ ಪುಸ್ತಕ ಸಿಕ್ಕಿದರೆ ಕಷ್ಟ. ಖಳನ ಬೆನ್ನುಹತ್ತಿ ಮುಂಗಡವನ್ನು ಮರೆತ ಎಷ್ಟೋ ಚಿತ್ರಗಳು ಅದಕ್ಕೇ ಹುಟ್ಟುತ್ತವೆ.

ದಾಳಿಯ ದೃಶ್ಯಗಳ ಬಗ್ಗೆ ನನಗಿರುವ ಅಸಮಾಧಾನವೂ ಇಲ್ಲಿಂದಲೇ. ಅಧಿಕಾರಿಗಳು, ಪೊಲೀಸರು, ಹಿಂದೆಯೇ ಕ್ಯಾಮೆರಾ. ಬಾಗಿಲು ಒಡೆಯುತ್ತದೆ, ಹುಡುಗಿಯರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಜೀಪು ಹತ್ತುತ್ತಾರೆ, ಸಂಗೀತ ಏರುತ್ತದೆ, ಚಿತ್ರ ಮುಗಿಯುತ್ತದೆ. ಆ ಹುಡುಗಿಯರು ಯಾರಿಂದ ಮುಖ ಮುಚ್ಚಿಕೊಂಡರು ಎಂದು ಯೋಚಿಸಿದ್ದೀರಾ? ಕಾಪಾಡಲು ಬಂದವರ ಕ್ಯಾಮೆರಾದಿಂದ. ನಿಜವಾದ ಕಥೆ ಶುರುವಾಗುವುದು ಜೀಪು ಹೊರಟ ಮೇಲೆ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರದ ವಾಸ, ವಯಸ್ಸಿನ ದಾಖಲೆಗಾಗಿ ಹುಡುಕಾಟ, ಬೇರೆ ಭಾಷೆಯ ಮಗುವಾದರೆ ದುಭಾಷಿಗಾಗಿ ಕಾಯುವಿಕೆ, ಊರಿಗೆ ಪತ್ರ, ಊರಿನಿಂದ ಬಾರದ ಉತ್ತರ. ಕೊನೆಗೆ ಮನೆ ಸೇರಿದರೆ, ಹೊರಡಿಸಿದ ಬಡತನ ಬಾಗಿಲಲ್ಲೇ ನಿಂತಿರುತ್ತದೆ. ಇದನ್ನು ಚಿತ್ರಿಸಲು ವರ್ಷಗಳು ಬೇಕು, ಹಣ ಬೇಕು, ಬೇಸರ ತಾಳಿಕೊಳ್ಳುವ ಪ್ರೇಕ್ಷಕ ಬೇಕು. ರುಚಿರಾ ಗುಪ್ತಾ ನೇಪಾಳದಿಂದ ಮುಂಬೈಗೆ ಮಾರಾಟವಾದ ಹುಡುಗಿಯರ ಬಗ್ಗೆ 1996ರಲ್ಲಿ ಮಾಡಿದ ‘ದ ಸೆಲ್ಲಿಂಗ್ ಆಫ್ ಇನೊಸೆಂಟ್ಸ್’ ಎಮ್ಮಿ ಪ್ರಶಸ್ತಿ ಪಡೆಯಿತು. ಆಕೆ ಮುಂದೆ ಇನ್ನೊಂದು ಚಿತ್ರಕ್ಕೆ ಓಡದೆ, ಅದೇ ಹೆಣ್ಣುಮಕ್ಕಳೊಂದಿಗೆ ಸೇರಿ 2002ರಲ್ಲಿ ‘ಅಪ್ನೆ ಆಪ್’ ಸಂಸ್ಥೆ ಕಟ್ಟಿದರು. ಎಲ್ಲ ನಿರ್ದೇಶಕರಿಂದಲೂ ಇದನ್ನು ನಿರೀಕ್ಷಿಸಲಾಗದು.

ಚಿತ್ರತಂಡದ ಮೇಲೆ ಇನ್ನೊಂದು ಹೊಣೆಯಿದೆ, ಹೊರಗಿನವರಿಗೆ ಅದು ಅಷ್ಟಾಗಿ ತಿಳಿದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ಮಾಧ್ಯಮದವರು, ಸ್ಟುಡಿಯೊದವರು ಎಂದು 20ನೇ ಸೆಕ್ಷನ್ ಹೆಸರು ಹಿಡಿದೇ ಹೇಳುತ್ತದೆ. ತಿಳಿಸದಿದ್ದರೆ ಅದೇ ಒಂದು ಅಪರಾಧ. ಅಂದರೆ ‘ಇನ್ನೆರಡು ತಿಂಗಳು ಚಿತ್ರಿಸೋಣ, ಸಾಕ್ಷ್ಯ ಗಟ್ಟಿಯಾಗಲಿ’ ಎಂದು ಕಾಯುವಂತಿಲ್ಲ. ತಿಳಿಸಿದ ಮರುಕ್ಷಣ ಚಿತ್ರೀಕರಣ ನಿಂತುಹೋಗಬಹುದು, ಮನೆಯವರು ಬಾಗಿಲು ಹಾಕಬಹುದು, ವರ್ಷದ ಶ್ರಮ ಮಣ್ಣಾಗಬಹುದು. ಆಗಲಿ. ಮಗುವಿನ ಒಂದು ರಾತ್ರಿಗಿಂತ ಯಾವ ದೃಶ್ಯವೂ ದೊಡ್ಡದಲ್ಲ ಎಂಬ ವಿಷಯದಲ್ಲಿ ಕಾನೂನಿನ ಜೊತೆ ನನಗೆ ತಕರಾರಿಲ್ಲ. ಪ್ರೇಕ್ಷಕರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಸೆನ್ಸಾರಿನ ಮಾತನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಭಾರತದಲ್ಲಿ ಸಾಕ್ಷ್ಯಚಿತ್ರವನ್ನು ಚಿತ್ರಮಂದಿರದಲ್ಲಿ ತೋರಿಸಲೂ ಪ್ರಮಾಣಪತ್ರ ಬೇಕು. ಕೆ.ಎ. ಅಬ್ಬಾಸ್ ನಗರಗಳ ಸಿರಿತನ ಮತ್ತು ಬಡತನವನ್ನು ಎದುರುಬದುರು ಇಟ್ಟು ಮಾಡಿದ ಕಿರುಚಿತ್ರದಲ್ಲಿ ಮುಂಬೈನ ಕೆಂಪುದೀಪ ಪ್ರದೇಶದ ಕೆಲವು ಕ್ಷಣಗಳಿದ್ದವು. ಮಂಡಳಿ ಕತ್ತರಿ ಹಿಡಿಯಿತು, ಅವರು ಸುಪ್ರೀಂ ಕೋರ್ಟಿಗೆ ಹೋದರು. ಸಿನಿಮಾಕ್ಕೆ ಪೂರ್ವ ಸೆನ್ಸಾರ್ ಸಂವಿಧಾನಬದ್ಧ ಎಂಬ 1970ರ ತೀರ್ಪು ಬಂದದ್ದು ಆ ಪ್ರಕರಣದಲ್ಲಿ. ಓಟಿಟಿ ವೇದಿಕೆಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿವೆ. ಅಲ್ಲಿ ವಯಸ್ಸಿನ ವರ್ಗೀಕರಣವನ್ನು ಅವರೇ ಮಾಡಿಕೊಳ್ಳುತ್ತಾರೆ.

ನಮ್ಮ ಕಣ್ಣೆದುರೇ ನಡೆಯುತ್ತಿದ್ದರೂ ಯಾರೂ ಚಿತ್ರ ಮಾಡದ ಒಂದು ವಿಷಯವಿದೆ. ಟಿ.ವಿ.ಯ ಸ್ಪರ್ಧಾ ಕಾರ್ಯಕ್ರಮಗಳಲ್ಲಿ ಅರ್ಧರಾತ್ರಿಯವರೆಗೆ ನಿಲ್ಲುವ, ಸೋತಾಗ ಅಳುವ ಮುಖವನ್ನು ನಿಧಾನಗತಿಯಲ್ಲಿ ಮೂರು ಬಾರಿ ತೋರಿಸಿಕೊಳ್ಳುವ ಆರು ವರ್ಷದ ಮಕ್ಕಳು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಮತ್ತು 2017ರ ನಿಯಮಗಳು ಬಾಲ ಕಲಾವಿದರಿಗೆ ಅವಕಾಶ ಕೊಟ್ಟೂ ಷರತ್ತು ಹಾಕಿವೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಆದಾಯದ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲೇ ಠೇವಣಿ ಇಡಬೇಕು, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅಲ್ಲಿ ಮುಖ ಮಸುಕು ಮಾಡುವ ಪ್ರಶ್ನೆಯೇ ಬರುವುದಿಲ್ಲ, ಮುಖವೇ ಸರಕು. ಪೋಷಕರು ಪಕ್ಕದಲ್ಲೇ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಜಪಾನಿನ ಆ ಹುಡುಗರ ಪೋಷಕರೂ ಹೆಮ್ಮೆಪಡುತ್ತಿದ್ದರು.

ಬಸವನಗುಡಿಯ ಕೋಣೆಗೆ ಮತ್ತೆ ಹೋದದ್ದು ಎರಡು ತಿಂಗಳ ನಂತರ. ಆ ಹೊತ್ತಿಗೆ ಗೆಳತಿ ಮಸುಕನ್ನೆಲ್ಲ ಕಿತ್ತುಹಾಕಿದ್ದಳು. ಹುಡುಗಿಯ ಚಿತ್ರವೇ ಇಲ್ಲ. ಅವಳು ಮಾತನಾಡುವಷ್ಟು ಹೊತ್ತೂ ಪರದೆಯ ಮೇಲೆ ಅವಳು ಠಾಣೆಗೆ ನಡೆದುಹೋದ ದಾರಿಯಂಥದೇ ಒಂದು ದಾರಿ, ಬೇರೆ ಜಿಲ್ಲೆಯದು, ಎರಡೂ ಕಡೆ ಜೋಳದ ಹೊಲ. ಎಷ್ಟು ಬಾರಿ ಹೋದಳೋ ಅಷ್ಟು ಬಾರಿ ಅದೇ ದಾರಿ. ಐದನೇ ಸಲ ಆ ದಾರಿ ಕಂಡಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಧ್ವನಿಯನ್ನು ಯಂತ್ರದಿಂದ ಬದಲಿಸಿದರೆ ಕಾರ್ಟೂನಿನ ಹಾಗೆ ಕೇಳುತ್ತದೆಂದು, ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯೊಬ್ಬರಿಂದ ಅವಳ ಮಾತುಗಳನ್ನೇ ಮತ್ತೆ ಹೇಳಿಸಿದ್ದರು. ಆಡುಮಾತು ಊರನ್ನು ಹೇಳಿಬಿಡುತ್ತದೆ ಎಂಬ ಭಯದಿಂದ ಎಲ್ಲವೂ ಪುಸ್ತಕದ ಕನ್ನಡಕ್ಕೆ ತಿರುಗಿತ್ತು.

ಆ ರೂಪವನ್ನು ನೋಡಲು ಹುಡುಗಿ ಸಮಾಲೋಚಕಿಯ ಜೊತೆ ಬೆಂಗಳೂರಿಗೆ ಬಂದಿದ್ದಳಂತೆ. ದಾರಿ ಅವಳಿಗೆ ಇಷ್ಟವಾಯಿತು. ಧ್ವನಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳಂತೆ: ‘ಇವರು ಓದಿದವರ ಹಾಗೆ ಮಾತನಾಡುತ್ತಾರೆ ಅಕ್ಕ. ನಾನು ಹೀಗೆ ಮಾತನಾಡಿದ್ದರೆ ಠಾಣೆಯಲ್ಲಿ ಮೊದಲನೇ ದಿನವೇ ದೂರು ಬರೆದುಕೊಳ್ಳುತ್ತಿದ್ದರು.’

ಗೆಳತಿ ಈಗ ಆ ಭಾಗದ ಮಾತು ಬಲ್ಲ, ಆದರೆ ಆ ಊರಿನವಳಲ್ಲದ ಹೆಣ್ಣುಮಗಳೊಬ್ಬಳ ಧ್ವನಿಗಾಗಿ ಹುಡುಕುತ್ತಿದ್ದಾಳೆ.